ಹುಣಸೆಬೀಜದ ಗಂಜಿ

ದೀಪಾವಳಿ ಮುಗಿದು ಬಿಸಿಲು ಹದಕ್ಕೆ ಬಂದಿತ್ತು. ಮುಂಜಾನೆ, ಇಬ್ಬನಿ ಆರಿ ನೆಲ ಒಣಗೋ ಹೊತ್ತು. ಕಂಬಳಿ ನೂಲಿಗೆ ಗಂಜಿ ಹಚ್ಚಾಕ ಅದಕ್ಕಿಂತ ಚಲೋ ಹೊತ್ತಿಲ್ಲ. ಅಂಥ ಹೊತ್ತಿನಾಗ ನಾವು ಬಯಲು ಖಾಲಿ ಮಾಡಿ, ಸಗಣಿ ನೀರು ಹೊಡೆದು, ರಂಗೋಲಿ ಹಾಕಿಸಿ, ಹುಬ್ಬಳ್ಳಿಯಿಂದ ಬರುವ ಸಾಹೇಬರ ದಾರಿ ಕಾಯುತ್ತ ನಿಂತಿದ್ದೆವು.

ನಮ್ಮದು ಬೆಟಗೇರಿ ಅಂಚಿನ ಓಣಿ. ಎಲ್ಲರೂ ಕಂಬಳಿ ನೇಯುವವರು. ಉಣ್ಣೆ ನೂಲನ್ನು ಬಯಲಾಗ ಗೂಟದಿಂದ ಗೂಟಕ್ಕೆ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಹಚ್ಚಿ ಒಣಗಿಸಬೇಕು. ಗಂಜಿ ಕುಡಿಯದ ನೂಲು ಮಗ್ಗಕ್ಕೆ ಏರಿದರೆ ಪಟಪಟ ಹರಿಯುತ್ತದೆ. ಬಯಲಿಲ್ಲದೆ ಕಂಬಳಿ ಇಲ್ಲ. ಆ ಬಯಲಿಗೆ ನಗರದ ಹೊಸ ನಕ್ಷೆಯಲ್ಲಿ ಮನೆ ಕಟ್ಟುವ ಜಾಗ ಅಂತ ಬಣ್ಣ ಬಳಿದಿದ್ದರು.

ಮೇಲ್ಮನವಿ ಹಾಕಿದೆವು. ಬಯಲಿನಾಗ ನಿತ್ಯ ಕೆಲಸ ನಡೀತದ ಅಂತ ತೋರಿಸಿದರೆ ಬಣ್ಣ ಬದಲಾದೀತು ಅಂತ ವಕೀಲರು ಹೇಳಿದರು. ಆದರೆ ನಿಮ್ಮ ಮಾತಿಗೆ ನೀವೇ ಸಾಕ್ಷಿ ಆದರೆ ನಡೆಯೋದಿಲ್ಲ, ನಕ್ಷೆ ಕೆಲಸ ಬಲ್ಲ ಹೊರಗಿನವರೊಬ್ಬರು ಕಣ್ಣಾರೆ ನೋಡಿ ವಿಚಾರಣೆಯಲ್ಲಿ ಹೇಳಬೇಕು ಅಂದರು. ಓಣಿಯವರೆಲ್ಲ ವಂತಿಗೆ ಕೂಡಿಸಿ ಹುಬ್ಬಳ್ಳಿಯ ತನ್ವೀರ ಸಾಹೇಬರನ್ನು ಗೊತ್ತು ಮಾಡಿದೆವು.

ನಮ್ಮ ಓಣಿಯಲ್ಲಿ ಒಂದು ರೂಢಿ. ಕನ್ಯೆ ನೋಡಲು ಮಂದಿ ಬರುವ ದಿನ ಯಾರೂ ಗಂಜಿ ಹಚ್ಚುವುದಿಲ್ಲ. ಗಂಜಿ ಹುಳಿತರೆ ಅದರ ವಾಸನೆ ಹೊರಗಿನವರಿಗೆ ತಡೆಯಲಾಗದು. ಹಿಂದೊಮ್ಮೆ ಹುಲಕೋಟಿ ಕಡೆಯಿಂದ ಬಂದವರು ಮೂಗಿಗೆ ಸೆರಗು ಒತ್ತಿಕೊಂಡು, ಚಹಾ ಸುದ್ದಾ ಮುಟ್ಟದೆ ಎದ್ದು ಹೋದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಕನ್ಯೆ ಮೈಲಾರಲಿಂಗಪ್ಪನ ತಂಗಿ. ಅಂದಿನಿಂದ ಅವನಿಗೆ ಹೊರಗಿನವರು ಯಾರೇ ಬರಲಿ, ಮೊದಲು ಅವರ ಮೂಗೇ ಕಾಣುತ್ತದೆ.

ಈಗ ಅವನೇ ನಮ್ಮ ಓಣಿಗೆ ಹಿರಿಯ. ಸಾಹೇಬರು ಬರುವ ಮುಂಚೆ ನೂಲು ತೆಗೀರಿ ಅಂದ. ತೆಗೆದೆವು. ಬೀರವ್ವನದು ಮಾತ್ರ ಉಳಿಯಿತು. ಬೀರವ್ವ ಅವನ ತೀರಿಹೋದ ತಮ್ಮನ ಹೆಂಡತಿ. ಮಗ್ಗ ಒಂದೇ ಅವಳ ಆಧಾರ. ಅವಳಷ್ಟು ಹದವಾಗಿ ಗಂಜಿ ಹಚ್ಚುವವರು ಓಣಿಯಾಗ ಇರಲಿಲ್ಲ.

"ಭಾವಾರ, ಅವ್ರು ಕನ್ಯಾ ನೋಡಾಕ ಬರಾಕತ್ತಾರೇನ್ರಿ?" ಅಂದಳು. "ಕೆಲಸ ನೋಡಾಕ ಬರೋರ ಮುಂದ ಕೆಲಸನ ಮುಚ್ಚಿಟ್ರ ಅವ್ರು ನೋಡೋದೇನು, ನಿಮ್ಮ ತಲಿ ಮ್ಯಾಲಿನ ರುಂಬಾಲಾ?"

ಓದಿದ ಮನುಷ್ಯಾ ಹೇಸಿ ಹೊಳ್ಳಿ ಹೋದರೆ ನೀ ಕರಕೊಂಡು ಬರ್ತೀಯೇನು ಅಂತ ಅವನು ಗದರಿದ. ಅವಳು ನಮ್ಮ ಮುಖ ನೋಡಿದಳು. ನಾವು ನೆಲ ನೋಡಿದೆವು. ಹಸಿ ನೂಲನ್ನೇ ಸುತ್ತಿಕೊಂಡಳು. ಗೂಟ ಕಿತ್ತವನು ನಾನು.

ತನ್ವೀರ ಸಾಹೇಬರು ಒಳ್ಳೆಯವರು. ಚಪ್ಪಲಿ ಬಿಟ್ಟು ಕಂಬಳಿ ಮೇಲೆ ಕುಂತರು, ಗಿರಮಿಟ್ ತಿಂದರು, ಬಯಲೆಲ್ಲ ಅಡ್ಡಾಡಿ ಫೋಟೋ ತೆಗೆದರು. ಆಮೇಲೆ, ಇಲ್ಲಿ ಕೆಲಸ ದಿನಾ ನಡೀತೈತೇನ್ರಿ ಅಂತ ಕೇಳಿದರು. ನಮ್ಮ ಜೀವ ಇದ್ದದ್ದು ಆ ಒಂದು ಮಾತಿನಾಗ. ಆದರೆ ದೊಡ್ಡವರ ಮುಂದೆ ನಮ್ಮದನ್ನು ಸಣ್ಣದು ಮಾಡಿ ಹೇಳೋದೇ ನಮಗೆ ಮರ್ಯಾದೆ.

"ಅದೇನ್ ಮಹಾ ಕೆಲಸ ಬಿಡ್ರಿ," ಅಂದ ಮೈಲಾರಲಿಂಗಪ್ಪ. "ಯಾವಾಗರ ಒಮ್ಮೆ, ಹೊತ್ತು ಹೋಗಲಾರದಾಗ ಮಾಡತೀವಿ."

ನಾವೆಲ್ಲ ಹೌದೌದು ಅಂತ ನಕ್ಕೆವು. ವಕೀಲರು ಬೇರೆ ಹೇಳಿದ್ದರಲ್ಲ ಅಂತ ಸಾಹೇಬರು ಇನ್ನೊಮ್ಮೆ ಕೇಳಿದರು. ವಕೀಲರು ನಮ್ಮ ಮ್ಯಾಲಿನ ಪ್ರೀತಿಗೆ ಹೆಚ್ಚಿಗಿ ಹೇಳ್ಯಾರ ಅಂದ. ಸಾಹೇಬರು ಬರೆದುಕೊಂಡರು.

ವಿಚಾರಣೆ ಗದಗದಾಗ. ಕಚೇರಿ ತುಂಬಿತ್ತು. ಅಧಿಕಾರಿ ಕೇಳಿದಾಗ ತನ್ವೀರ ಸಾಹೇಬರು ಎದ್ದು, ನಾನು ಹೋದ ದಿನ ಬಯಲು ಖಾಲಿ ಇತ್ತು, ಕೆಲಸ ಅಪರೂಪಕ್ಕೆ ನಡೆಯುತ್ತದೆಂದು ಅಲ್ಲಿನ ಹಿರಿಯರೇ ತಿಳಿಸಿದರು ಅಂದರು. ಕಂಡದ್ದನ್ನು ಹೇಳಿದರು, ಅವರದೇನು ತಪ್ಪು? ಅಧಿಕಾರಿ ಮೈಲಾರಲಿಂಗಪ್ಪನ ಕಡೆ ತಿರುಗಿ, ಹೀಗೆ ಹೇಳಿದ್ದು ಖರೆ ಏನು, ಕೆಲಸ ಅಪರೂಪ ಏನು ಅಂತ ಕೇಳಿದರು. ವಾಸನೆಗೆ ನಾಚಿ ಹಂಗ ಹೇಳಿದೆ ಅಂದಿದ್ದರೆ ಮುಗೀತಿತ್ತು. ಅಷ್ಟು ಮಂದಿಯ ಎದುರು ಅದು ಅವನ ಬಾಯಿಂದ ಬರಲಿಲ್ಲ.

"ಹೌದ್ರಿ," ಅಂದ.

ಬೀರವ್ವ ಹಿಂದಿನ ಸಾಲಿನಿಂದ ಎದ್ದು ಬಂದು ಎರಡೂ ಅಂಗೈ ಮುಂದೆ ಹಿಡಿದಳು.

"ವಾಸನಿಗೆ ನಾಚ್ಯಾರ್ರಿ ಇವ್ರು. ನನ್ನ ಕೈ ಮೂಸಿ ನೋಡ್ರಿ. ಯಾವಾಗರ ಒಮ್ಮೆ ಮಾಡೋ ಕೈ ಹಿಂಗ ನಾರತಾವೇನ್ರಿ?"

ಯಾರೂ ಮೂಸಲಿಲ್ಲ. ಒಬ್ಬರು ಕಿಸಕ್ಕನೆ ನಕ್ಕರು. ನಿಮ್ಮ ಹಿರಿಯರೂ ನೀವು ಕರೆತಂದವರೂ ಒಂದೇ ಮಾತು ಹೇಳ್ಯಾರಲ್ಲವ್ವಾ ಅಂತ ಅಧಿಕಾರಿ ಮೆಲ್ಲಗೆ ಅಂದರು. ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು. ಆ ಕೈ ಹಾಗೆ ಒಳಗೆ ಹೋದದ್ದನ್ನು ನೋಡಿ ನನಗೆ ಕುಂತ ಕುರ್ಚಿ ಬೇಡಾಗಿತ್ತು. ಪಕ್ಕದಲ್ಲಿ ನಿಂತು ಹೌದ್ರಿ, ಆಕಿ ಮಾತು ಖರೆ ಐತ್ರಿ ಅನ್ನಬಹುದಿತ್ತು. ಓಣಿಯ ಗಂಡಸರು ಒಬ್ಬರೂ ಏಳಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ತನ್ವೀರ ಸಾಹೇಬರು ಮೈಲಾರಲಿಂಗಪ್ಪನ ಎದುರಿಗೆ ನಿಂತರು.

"ಅಜ್ಜಾರ, ನಾ ಅದನ್ನ ನೋಡಾಕ ಬಂದಿದ್ದೆ. ನಾರಿದ್ರ ನಾರತಿತ್ತು ಬಿಡ್ರಿ."

ಇನ್ನೊಮ್ಮೆ ಬಯಲು ನೋಡಲು ಬಿಡಿ ಅಂತ ಅವರೇ ಅರ್ಜಿ ಕೊಟ್ಟರು. ಆಗಲಿಲ್ಲ. ನಕ್ಷೆಯ ಬಣ್ಣ ಹಂಗೇ ಉಳಿಯಿತು. ಬಯಲಿಗೆ ಕಲ್ಲು ನೆಟ್ಟು ತಂತಿ ಎಳೆದರು.

ಮುಂಡರಗಿ ಕಡೆ ಬೀರವ್ವನ ತಂಗಿಯ ಊರಾಗ ಇನ್ನೂ ಬಯಲಿದೆ. ಮಗ್ಗ ಬಿಚ್ಚಿ ಟೆಂಪೋಕ್ಕೆ ಏರಿಸುವಾಗ ನಾನು ಕೈ ಹಚ್ಚಲು ಹೋದೆ. ಅವಳು ನನ್ನನ್ನು ತಡೆಯಲಿಲ್ಲ. ತಂತಿಯ ಈಚೆ ಉಳಿದಿದ್ದ ಗೂಟಗಳ ಕಡೆ ಗದ್ದ ತೋರಿಸಿದಳು.

"ಗೂಟ ಕೀಳೋದು ನಿಮಗ ರೂಢಿ ಐತಲ್ರಿ ಕಾಕಾ. ಅವನ್ನೂ ಕಿತ್ತು ಕೊಡ್ರಿ."

ಕಿತ್ತು ಕೊಟ್ಟೆ. ಮೈಲಾರಲಿಂಗಪ್ಪ ಬಾಗಿಲ ಮರೆಯಲ್ಲೇ ನಿಂತಿದ್ದ, ಹೊರಗೆ ಬರಲಿಲ್ಲ. ಗಂಜಿಯ ಗಡಿಗೆಯನ್ನು ಅವಳು ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕುಂತಳು. ಸಂಕ್ರಮಣದ ಮರುದಿನ, ಬೇಸ್ತವಾರ, ಬೀರವ್ವ ಮುಂಡರಗಿ ಕಡೆಗೆ ಹೋದಳು.