ನಬೀಸಾ ಹೊಲಿದ ಚೀಲ

ಕಫನ್ ಬಟ್ಟೆಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಜೈನಬಮ್ಮ ಮರಗೆಲಸದ ಶೆಡ್ಡಿನ ಹೊಸ್ತಿಲಲ್ಲೇ ನಿಂತುಬಿಟ್ಟರು. ಊರಿನ ಹೆಂಗಸರು ತೀರಿಹೋದರೆ ಮೀಯಿಸಿ, ಬಟ್ಟೆ ಕತ್ತರಿಸಿ ಹೊದೆಸುವುದು ಅವರದೇ ಕೆಲಸ. ಒಳಗೆ ಕಾಲಿಡಲು ಅವರಿಗೆ ಮನಸ್ಸಿರಲಿಲ್ಲ.

"ಬಿಳಿ ಬಟ್ಟೆಯನ್ನು ಈ ಮರದ ಹುಡಿಯಲ್ಲಿ ಹಾಸುವುದಾ ಮಗಳೇ?"

ಫರ್ಹಾನ ಬೇರೆ ಜಾಗ ಎಲ್ಲಿಂದ ತರಬೇಕು? ಚಾವಡಿಯಲ್ಲಿ ಅವಳ ಉಮ್ಮನನ್ನು, ಹೆತ್ತ ತಾಯಿ ನಬೀಸಾಳನ್ನು, ಮಲಗಿಸಿದ್ದರು, ಸುತ್ತ ಕುರ್‌ಆನಿನ ಯಾಸೀನ್ ಓದುವ ಹೆಂಗಸರು. ಇದ್ದ ಎರಡು ಕೋಣೆಗಳಲ್ಲಿ ಮಾಣಿಯಿಂದ, ಮೂಡುಬಿದಿರೆಯಿಂದ ಬಂದಿಳಿದ ನೆಂಟರು. ಅಷ್ಟುದ್ದದ ಬಟ್ಟೆ ಹಾಸಲು ಉಳಿದಿದ್ದದ್ದು ಅವಳ ಉಪ್ಪನ, ಬಡಗಿ ತಂದೆಯ, ಎಂಟಡಿಯ ಕೆಲಸದ ಮೇಜು ಮಾತ್ರ.

"ಒಮ್ಮೆ ಹಾಸಿ ನೋಡಿ ಜೈನಬಮ್ಮ. ಹುಡಿ ಹಿಡಿದರೆ ಬೇರೆ ಬಟ್ಟೆ ತರಿಸ್ತೇನೆ."

ಹಾಗೆ ಹೇಳುವಾಗಲೂ ಅವಳ ಕಣ್ಣು ಅಂಗಳದಲ್ಲಿತ್ತು. ಅಲ್ಲಿ ಉಪ್ಪ ನಿಝಾಮುದ್ದೀನ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಉಮ್ಮನ ತಮ್ಮ ಶಾಫಿ ಮಾಮ ಬೆಳಗ್ಗೆ ದುಃಖದ ಭರದಲ್ಲಿ, ಈ ಹುಡಿಯೇ ನನ್ನ ಅಕ್ಕನನ್ನು ತಿಂದಿತು ಎಂದುಬಿಟ್ಟಿದ್ದರು. ಹೃದಯ ನಿಂತದ್ದು ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಆಗ ಯಾರೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಮ ಆಮೇಲೆ ನಾಲಗೆ ಕಚ್ಚಿಕೊಂಡರೂ ಉಪ್ಪ ಅದನ್ನೇ ಹಿಡಿದುಕೊಂಡು ಕೂತರು. ಮಸೀದಿಯಿಂದ ಶವ ಹೊರುವ ಜನಾಝದ ಮಂಚ ಬಂದಾಗ ಎದ್ದೇಳಲೂ ಇಲ್ಲ.

"ನನ್ನ ಕೈಯಿಂದಲೇ ಹೋದವಳಿಗೆ ಯಾವ ಮುಖದಲ್ಲಿ ಹೆಗಲು ಕೊಡ್ಲಿ? ನೀವೇ ಹೊತ್ತುಕೊಂಡು ಹೋಗಿ," ಎಂದಿದ್ದರು.

ಮೂವತ್ತು ವರ್ಷ ಜೊತೆಗಿದ್ದವಳನ್ನು ಕೊನೆಗೆ ಹೊರದೆ ಕಳಿಸಿದರೆ ಉಪ್ಪ ಬದುಕಿರುವಷ್ಟು ದಿನ ಕೊರಗುತ್ತಾರೆ ಎಂದು ಫರ್ಹಾನಳಿಗೆ ಗೊತ್ತಿತ್ತು. ಅವಳು ಎರಡು ಸಲ ಹೇಳಿ ನೋಡಿದ್ದಳು. ಮಗಳ ಮಾತು ಸಮಾಧಾನಕ್ಕೆ ಎಂದು ಅವರು ತಳ್ಳಿಹಾಕಿದ್ದರು.

*

ಎಂಟು ವರ್ಷದ ಹಿಂದೆ, ಉಪ್ಪ ದಮ್ಮಾಮಿನ ಫರ್ನಿಚರ್ ಕೆಲಸ ಬಿಟ್ಟು ಬಂದು ಮನೆಯ ಹಿಂದೆ ಶೆಡ್ಡು ಹಾಕಿದಾಗ, ಮನೆಯ ಯಜಮಾನಿಕೆ ನಿಜವಾಗಿಯೂ ಹುಡಿಯದೇ ಆಗಿತ್ತು. ಗಂಜಿಯಲ್ಲಿ ಹುಡಿ, ನಮಾಝಿನ ಚಾಪೆಯಲ್ಲಿ ಹುಡಿ. ಉಮ್ಮನಿಗೆ ಕೆಮ್ಮು ಹಿಡಿಯಿತು. ಬೇರೆಯವರ ಗಂಡಂದಿರು ಗಲ್ಫಿನಿಂದ ಚಿನ್ನ ತಂದರು, ನನ್ನವರು ಕೆಮ್ಮು ತಂದರು ಎಂದು ನೆರೆಮನೆಯವರೆದುರು ನಗಾಡುತ್ತಿದ್ದಳು. ಉಪ್ಪ ಶೆಡ್ಡು ಮುಚ್ಚುತ್ತೇನೆ ಎಂದಾಗ ಮಾತ್ರ ನಗಲಿಲ್ಲ.

"ಬಿದ್ದ ಮೇಲೆ ಗುಡಿಸಿ ಏನು ಪ್ರಯೋಜನ ಉಂಟು? ಗರಗಸದ ಬಾಯಿಯಲ್ಲೇ ಹಿಡಿಯುವ," ಎಂದಳು.

ಉಪ್ಪ ಗರಗಸದ ಅಡಿಗೆ ಪೈಪು ಜೋಡಿಸಿ, ಗಾಳಿ ಎಳೆಯುವ ಬ್ಲೋವರ್ ಕೂರಿಸಿದರು. ನಡುವೆ ಒಂದು ನೀಲಿ ಡ್ರಮ್ಮು. ಚಕ್ಕೆಯೆಲ್ಲ ಅದರಲ್ಲಿ ಬಿದ್ದು, ನಯವಾದ ಹುಡಿ ಮಾತ್ರ ಮುಂದೆ ಹೋಗಿ ಬಟ್ಟೆಯ ಚೀಲ ಸೇರಬೇಕು. ಚೀಲ ಹೊಲಿಯುವುದು ಉಮ್ಮನ ಪಾಲಿಗೆ ಬಂತು. ಹಳೆಯ ವಾಯಿಲ್ ಸೀರೆಯ ಚೀಲದಿಂದ ಹುಡಿ ಹೊಗೆಯಂತೆ ಹೊರಬಂತು. ಜೀನ್ಸ್ ಪ್ಯಾಂಟಿನ ಚೀಲ ಗಾಳಿಯನ್ನೇ ಬಿಡದೆ ಉಬ್ಬಿ, ಹೊಲಿಗೆ ಬಿಚ್ಚಿ, ಇಬ್ಬರನ್ನೂ ನೆತ್ತಿಯಿಂದ ಕಾಲಿನವರೆಗೆ ಹಳದಿ ಮಾಡಿತು. ಆ ದಿನ ಅವರು ನಕ್ಕಷ್ಟು ಮತ್ತೆಂದೂ ನಕ್ಕದ್ದು ಫರ್ಹಾನಳಿಗೆ ನೆನಪಿಲ್ಲ. ಐದನೆಯ ಚೀಲ, ಒತ್ತು ನೇಯ್ಗೆಯ ಹತ್ತಿ ಬಟ್ಟೆಯದು, ಮೊದಲಿನದಕ್ಕಿಂತ ಎರಡು ಪಟ್ಟು ಉದ್ದದ್ದು, ತಾಳಿಕೊಂಡಿತು. ಆಮೇಲೆ ಡ್ರಮ್ಮಿನ ಚಕ್ಕೆ ಕೋಳಿ ಫಾರ್ಮಿಗೆ ಹೋಗತೊಡಗಿತು. ಉಮ್ಮನ ಕೆಮ್ಮು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

*

ಜೈನಬಮ್ಮ ಬಿಸ್ಮಿ ಹೇಳಿ ಮೇಜಿನ ಮೇಲೆ ಬಟ್ಟೆ ಹಾಸಿದರು, ಅಳೆದರು, ಕತ್ತರಿಸಿದರು. ಮಗುಚಿ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಅಷ್ಟಕ್ಕೆ ಬಿಡದೆ, ಉಳಿದ ತುಂಡಿನಿಂದ ಗರಗಸದ ಬದಿಯನ್ನೂ ಕಿಟಕಿಯ ದಂಡೆಯನ್ನೂ ಉಜ್ಜಿದರು. ಸೊಸೆಯ ಅಡುಗೆಮನೆ ಪರೀಕ್ಷಿಸುವ ಅತ್ತೆಗೂ ಅಷ್ಟು ಹಠ ಇರುವುದಿಲ್ಲ. ದಂಡೆಯಲ್ಲಿ ಒಂದು ನಸುಗೆರೆ ಹತ್ತಿತು, ಅದು ರಸ್ತೆಯ ಕೆಂಪು ಮಣ್ಣಿನದು.

"ನಿನ್ನ ಉಪ್ಪನನ್ನು ಕರಿ," ಎಂದರು.

ಉಪ್ಪ ಬಂದು ತಲೆ ತಗ್ಗಿಸಿ ನಿಂತರು. ಹಿಂದೆಯೇ ಬಂದ ಶಾಫಿ ಮಾಮ ಬಾಗಿಲಲ್ಲೇ ಉಳಿದರು. ಜೈನಬಮ್ಮ ಆ ತುಂಡನ್ನು ಉಪ್ಪನ ಅಂಗೈಯಲ್ಲಿಟ್ಟರು.

"ನಲ್ವತ್ತು ವರ್ಷದಿಂದ ಈ ಬಟ್ಟೆ ಕತ್ತರಿಸ್ತಾ ಇದ್ದೇನೆ ನಿಝಾಮು. ಟೈಲ್ಸ್ ಹಾಕಿದ ದೊಡ್ಡ ಮನೆಗಳಲ್ಲಿಯೂ ಇಷ್ಟು ಚೊಕ್ಕ ಜಾಗ ನೋಡಿಲ್ಲ. ಹುಡಿಯನ್ನು ನೀವಿಬ್ಬರು ಯಾವಾಗಲೋ ಗೆದ್ದಾಗಿದೆ. ಆಯುಸ್ಸು ಅಲ್ಲಾಹನದ್ದು. ಅದನ್ನು ನಿನ್ನ ತಲೆಗೆ ಹಾಕಿಕೊಳ್ಳಬೇಡ."

ಉಪ್ಪ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೇಜಿನ ಮೇಲೆ ಕೈಯಾಡಿಸಿದರು.

"ಚೀಲ ಅವಳದ್ದು," ಎಂದರು. "ನಾನು ಪೈಪು ಮಾತ್ರ ಹಾಕಿದ್ದು."

ಬೆಳಗ್ಗಿನಿಂದ ಒಂದು ಹನಿ ಹಾಕದವರು ಆಗ ಅತ್ತರು. ಅವರ ಮೊಣಕೈ ಹಿಡಿದುಕೊಂಡ ಫರ್ಹಾನಳಿಗೆ ದುಃಖವೂ ಬಂತು, ಎದೆಯ ಭಾರ ಇಳಿದಂತೆಯೂ ಆಯಿತು. ಶಾಫಿ ಮಾಮ ಒಳಗೆ ಬಂದು ಭಾವನ ಕೈ ಹಿಡಿದರು.

ಮಧ್ಯಾಹ್ನ ಅಲ್ಲಾಹನನ್ನು ನೆನೆಯುವ ದ್ಸಿಕ್ರ್ ಹೇಳುತ್ತ ಮಂಚ ಎತ್ತಿದರು. ಹೆಂಗಸರು ಗೇಟಿನ ಒಳಗೇ ನಿಂತರು. ಮಂಚದ ಮುಂದಿನ ಬಲಗಡೆಯ ಕಾಲಿಗೆ ಉಪ್ಪ ಹೆಗಲು ಕೊಟ್ಟಿದ್ದರು. ನಾಲ್ಕು ಹೆಜ್ಜೆಗೊಮ್ಮೆ ಹೆಗಲು ಬದಲಾಯಿಸುವುದು ರೂಢಿ, ಎಲ್ಲರಿಗೂ ಪುಣ್ಯ ಸಿಗಬೇಕಲ್ಲ. ಉಳಿದ ಮೂರು ಕಾಲುಗಳು ಹೆಗಲಿನಿಂದ ಹೆಗಲಿಗೆ ಸಾಗುತ್ತಿದ್ದವು. ಹೆಗಲು ಬದಲಿಸಲು ಉಪ್ಪನ ಬಳಿಗೆ ಮೊದಲು ಶಾಫಿ ಮಾಮ ಹೋದರು, ಆಮೇಲೆ ಬೇರೆ ಯಾರೋ ಹೋದರು. ರಸ್ತೆ ತಿರುಗಿ ಅವರು ಮರೆಯಾಗುವವರೆಗೂ ಉಪ್ಪ ಬಂದವರಿಗೆಲ್ಲ ಬೇಡವೆಂದು ತಲೆಯಾಡಿಸುತ್ತಲೇ ಇದ್ದರು.