ಮೊದಲ ಗುಟುಕು

ವಿಭೂತಿ ಗಟ್ಟಿಯನ್ನು ಒದ್ದೆ ಬಟ್ಟೆಗೆ ತಿಕ್ಕಿ ತಿಕ್ಕಿ ಬೆಳ್ಳಿ ಬಟ್ಟಲಿನ ಮೈಯನ್ನೆಲ್ಲ ಬೆಳಗಿದ ಮೇಲೆ ಜೀವರತ್ನಮ್ಮ ಅಂಚಿಗೆ ಬಂದಿದ್ದಳು. ಅಂಚೆಂದರೆ ತುಟಿ ತಾಗುವ ಜಾಗ. ಅಲ್ಲಿ ಅವಳ ಬೆರಳು ಯಾವಾಗಲೂ ನಿಧಾನ. ತಿಪಟೂರಿನ ಆ ಪುಟ್ಟ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಎಲ್ಲರೂ ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುತ್ತಾರೆ. ಹಿಂದಿನ ದಿನ ಬಟ್ಟಲು ಬೆಳಗುವುದು, ಕಪ್ಪು ದ್ರಾಕ್ಷಿ ಬೇಯಿಸಿ ರಸ ಸೋಸಿಡುವುದು ಅವಳ ಪಾಲಿನ ಸೇವೆ. ವಿಭೂತಿ ತಂದುಕೊಟ್ಟವಳು ಗಿರಿಜಾಂಬಿಕಾ.

"ಬೆಳ್ಳಿಗೆ ಇದನ್ನ ಬುಟ್ರೆ ಬ್ಯಾರೆ ಇಲ್ಲ ಕಣೇ. ನಾನಂತೂ ಹಣೆಗೆ ಹಚ್ಚಂಗಿಲ್ಲ, ಬಟ್ಲಿಗಾದ್ರೂ ಇರ್ಲಿ" ಎಂದು ನಕ್ಕಿದ್ದಳು. ಜೀವರತ್ನಮ್ಮನೂ ನಕ್ಕಿದ್ದಳು.

ಗಿರಿಜಾಂಬಿಕಾ ಹಾಲ್ಕುರಿಕೆ ಕಡೆಯ ಲಿಂಗಾಯತರ ಮನೆಯವಳು, ತೆಂಗಿನ ತೋಟದ ಒಡತಿ. ಗಂಡ ಸತ್ತು, ತಾನೂ ದೊಡ್ಡ ಆಪರೇಷನ್ನಿನಿಂದ ಬದುಕಿ ಎದ್ದ ಮೇಲೆ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾಗಿದ್ದಳು. ಕಾಲೋನಿಯವಳಾದ ಜೀವರತ್ನಮ್ಮನ ತಾಯಿ ಅದೇ ತೋಟದಲ್ಲಿ ಬಿದ್ದ ಕಾಯಿ ಆಯ್ದವಳು. ಬೇಲಿಯ ಸಂದಿಯಲ್ಲಿ ಸಿಕ್ಕಿಸಿಟ್ಟ ಕರಟವನ್ನು ತಾನೇ ತೊಳೆದು ಹಿಡಿದರೆ, ಆಗಿನ್ನೂ ಹೊಸ ಸೊಸೆಯಾಗಿದ್ದ ಗಿರಿಜಾಂಬಿಕಾ ಎತ್ತರದಿಂದ ಟೀ ಹುಯ್ಯುತ್ತಿದ್ದಳು. ಬಿಸಿ ಮುಂಗೈಗೆ ಸಿಡಿದರೂ ಅಮ್ಮ "ಸಾಕು ಅಮ್ಮೋರೆ" ಎನ್ನುತ್ತಿದ್ದಳೇ ಹೊರತು ಕೈ ಎಳೆದುಕೊಳ್ಳುತ್ತಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಮಗಳು ಅದನ್ನು ಮರೆತಿರಲಿಲ್ಲ. ಆದರೂ ಗಿರಿಜಾಂಬಿಕಾ ಈ ಬಟ್ಟಲಿಗೆ ಮೊದಲ ಸಲ ತುಟಿಯಿಟ್ಟ ದಿನ ಹಿಂದಿನ ಬೆಂಚಿನಲ್ಲಿ ಕೂತು ಅತ್ತಿದ್ದಳು. ಅಮ್ಮ ಇರಬೇಕಿತ್ತು ಅನ್ನಿಸಿತ್ತು. ಆಮೇಲೆ ಆ ಹೆಂಗಸು ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಬೆಂಚಿನ ಬಲತುದಿ ಹಿಡಿದು ಕೂರುವುದನ್ನು ಕಂಡು, ಇಂಥ ಭಕ್ತಿ ನಮಗಿಲ್ಲವಲ್ಲ ಎಂದು ನಾಚಿದ್ದೂ ಉಂಟು.

ಹೊರಗೆ ಜಗಲಿಯಲ್ಲಿ ಈಗ ಅವಳದೇ ದನಿ. ಫೋನಿನಲ್ಲಿ ಊರಿನ ಅಕ್ಕನ ಜೊತೆ ಮಾತಾಡುತ್ತಿದ್ದಳು.

"ಬುಡಕ್ಕಾ, ನಾನೇನು ಕೆಟ್ಟೋಗಿಲ್ಲ. ಬಟ್ಲು ಒಂದೇ, ನಿಜ. ಅದ್ಕೇ ಅಲ್ವಾ ಎಲ್ಲಾರ್ಗಿಂತ ಮುಂಚೆ ಬಂದು ತುದೀಲಿ ಕೂರೋದು? ಮೊದ್ಲು ನಂಗೇ ಕೊಡ್ತಾರೆ. ಬಟ್ಲು ಕೊಡೋ ಅಯ್ನೋರು ಕೂಡ ಎಲ್ಲಾರ್ದೂ ಆದ್ಮೇಲೇ ಕುಡಿಯೋದು. ಒಂದಿನಾನೂ ಆ ಕಾಲೋನಿಯೋರ ಎಂಜಲು ನನ್ ಬಾಯಿಗೆ ಸೋಕಿಲ್ಲ. ನಾಳೆ ಬಾ, ಹಿಂದ್ಗಡೆ ಕೂತು ನಿನ್ ಕಣ್ಣಾರೆ ನೋಡು. ನೋಡಿದ್ಮೇಲಾದ್ರೂ ನಮ್ಮನೇಲಿ ಉಣ್ತೀಯಾ? ನೀನು ಉಂಡ್ರೆ ಮಿಕ್ಕೋರೂ ವರ್ಷಿಣಿ ಮದ್ವೆಗೆ ಬತ್ತಾರೆ ಕಣಕ್ಕಾ. ನನ್ ಮಗಳು ಯಾರೂ ಇಲ್ದೋಳ ಥರ ಹಸೆಮಣೆ ಮೇಲೆ ಕೂತ್ಕೋಬೇಕಾ?"

ಕೊನೆಗೆ ದನಿ ಒಡೆಯಿತು. ಒಡೆದದ್ದು ಜೀವರತ್ನಮ್ಮನಿಗೂ ಕೇಳಿಸಿತು. ಕನಿಕರ ಬರಲಿಲ್ಲ. ಕರಟದ ಟೀಗಿಂತ ಹೆಚ್ಚಾಗಿ, ಅವತ್ತು ಹಿಂದಿನ ಬೆಂಚಿನಲ್ಲಿ ತಾನು ಸುರಿಸಿದ ಕಣ್ಣೀರು ಅವಳನ್ನು ಸುಟ್ಟಿತು.

ಗಿರಿಜಾಂಬಿಕಾ ಕಣ್ಣೊರೆಸಿಕೊಂಡು ಒಳಬಂದಳು. "ಏನೇ ಜೀವಾ, ಇನ್ನೂ ತಿಕ್ತಾನೇ ಇದೀಯಾ? ಸವೆದೋಗತ್ತೆ ಕಣೇ."

"ಸವೆಯಲ್ಲ ಬುಡ್ರಕ್ಕಾ. ಎಷ್ಟೊಂದು ಬಾಯಿ ತಡ್ಕೊಂಡೈತೆ."

ಗಿರಿಜಾಂಬಿಕಾ ಅವಳ ಮುಖ ನೋಡಿದಳು. ಅಲ್ಲೇನೂ ಕಾಣಲಿಲ್ಲ. "ನಾಳೆ ನಮ್ಮಕ್ಕ ಬತ್ತಾಳೆ. ಬಸ್ ಸ್ಟ್ಯಾಂಡಿಂದ ಕರ್ಕೊಂಬರೋಷ್ಟ್ರಲ್ಲಿ ಒಸಿ ತಡ ಆದೀತು. ನನ್ ಜಾಗದಲ್ಲಿ ಯಾರ್ನೂ ಕೂರಿಸ್ಬ್ಯಾಡ."

"ಅಂಥಾದ್ದೇನೈತಕ್ಕಾ ಅಲ್ಲಿ? ಫ್ಯಾನಿನ ಗಾಳೀನೂ ಬರಲ್ಲ."

"ಅಭ್ಯಾಸ ಕಣೇ. ಕ್ರಿಸ್ತನಲ್ಲಿ ಎಲ್ಲಾರೂ ಒಂದೇ, ಎಲ್ ಕೂತ್ರೇನು? ಆದ್ರೂ ಅಭ್ಯಾಸ."

"ಸರಿ, ಹೋಗ್ಬನ್ನಿ."

ಅವಳು ಹೋದಳು. ಜೀವರತ್ನಮ್ಮ ಆರಿದ ದ್ರಾಕ್ಷಿಯನ್ನು ಬಟ್ಟೆಗೆ ಸುರಿದು, ಬೇಕಾದ್ದಕ್ಕಿಂತ ಬಲವಾಗಿ ಹಿಂಡಿದಳು. ನಾಳೆ ಬೆಳಿಗ್ಗೆ ಬಟ್ಟಲಿಗೆ ರಸ ತುಂಬಿ ಬಿಳಿ ಬಟ್ಟೆ ಮುಚ್ಚುವವಳು ತಾನೇ. ಮುಚ್ಚುವ ಮುಂಚೆ ಒಂದು ಗುಟುಕು! ಯಾರಿಗೂ ತಿಳಿಯುವುದಿಲ್ಲ. ಅಕ್ಕ ನೋಡನೋಡುತ್ತ ಗಿರಿಜಾಂಬಿಕಾ ಕಣ್ಣುಮುಚ್ಚಿ, ಭಕ್ತಿಯಿಂದ, ಕಾಯಿ ಆಯುವವಳ ಮಗಳ ಎಂಜಲು ಕುಡಿಯುತ್ತಾಳೆ. ಮುಂದಿನ ತಿಂಗಳೂ ಕುಡಿಯುತ್ತಾಳೆ. ಸಾಯುವತನಕ ಕುಡಿಯುತ್ತಾಳೆ. ಆ ಯೋಚನೆಯೇ ಬಾಯಿಗೆ ಸಿಹಿಯಾಯಿತು. ಕೈ ಒರೆಸಿಕೊಂಡು ಖಾಲಿ ಬಟ್ಟಲನ್ನು ತುಟಿಯ ಹತ್ತಿರ ತಂದಳು. ಉಸಿರು ತಾಗಿ ಬೆಳ್ಳಿ ಮಸುಕಾಯಿತು.

ಅಲ್ಲೇ ಕೈ ನಿಂತಿತು. ಮಾಟ ಮಾಡಿಸುವವರು ಹೊಸಿಲಡಿ ನಿಂಬೆಹಣ್ಣು ಹೂಳುವ ಹಾಗೆ ಕದ್ದು ಕುಡಿಯುವುದೇ? ತನ್ನ ಬಾಯಿ ಹೊಲಸು ಅಂತ ಅವಳು ನಂಬಿದ್ದಾಳೆ. ಅದನ್ನು ಹೊಲಸೆಂದೇ ತಂದು ಬಟ್ಟಲಿಗೆ ಬೆರೆಸಿದರೆ ತಾನೂ ನಂಬಿದಂತಾಯಿತಲ್ಲ! ಅದೂ ಅಲ್ಲದೆ, ಅವಳಿಗೆ ಗೊತ್ತೇ ಆಗದ ಸೇಡು ಅದೆಂಥ ಸೇಡು?

ಸಭಾಪಾಲಕರಾದ ಅಯ್ಯನವರು ಬಾಗಿಲಲ್ಲಿ ಇಣುಕಿದರು. "ಎಲ್ಲ ಆಯ್ತೇನಮ್ಮ? ನಾಳೆ ಗಿರಿಜಮ್ಮನ ಅಕ್ಕ ಬರ್ತಾರಂತೆ. ನಮ್ಮ ಐಕ್ಯತೆ ಅವರೂ ನೋಡ್ಲಿ."

"ನೋಡ್ಲಿ ಅಯ್ನೋರೆ."

"ಏನಾದ್ರೂ ಬೇಕಿತ್ತಾ?"

"ಏನೂ ಬ್ಯಾಡಿ" ಎಂದಳು.

ಅವರು ಹೋದ ಮೇಲೆ ಮಸುಕು ಒರೆಸಿ ಬಟ್ಟಲನ್ನು ಬೀರುವಿನೊಳಗೆ ಇಟ್ಟಳು. ನಾಳೆ ಆ ಬಲತುದಿಯಲ್ಲಿ ತಾನೇ ಕೂರುತ್ತಾಳೆ. ಮೊದಲು ಮೊಣಕಾಲೂರಿ, ತುಟಿ ಒದ್ದೆ ಮಾಡಿಕೊಳ್ಳುವಷ್ಟಲ್ಲ, ಬಾಯಿ ತುಂಬ ಒಂದು ಗುಟುಕು ಕುಡಿಯುತ್ತಾಳೆ. ಆಮೇಲೆ ಬಟ್ಟಲು ಪಕ್ಕದಲ್ಲಿ ಕೂರಬೇಕಾದ ಗಿರಿಜಾಂಬಿಕಾಳ ಮುಂದೆ ಹೋಗುತ್ತದೆ. ಹಿಂದೆ ಅವಳ ಅಕ್ಕ ಕೂತಿರುತ್ತಾಳೆ. ಎದ್ದು ಹೋದರೆ ಇಡೀ ಸಭೆ ನೋಡುತ್ತದೆ. ಕುಡಿದರೆ ಊರಿನವರಾರೂ ಮದುವೆಗೆ ಬರುವುದಿಲ್ಲ. ಬರದಿದ್ದರೆ ಬೇಡ, ಆ ಮನೆಯ ಚಪ್ಪರದಡಿ ಕಾಲೋನಿಗೆ ಕಾಲೋನಿಯೇ ಕೂತು ಉಣ್ಣಲಿ. ವರ್ಷಿಣಿಗೆ ಆರತಿ ಎತ್ತಲು ತಾನಿದ್ದಾಳೆ. ಗಿರಿಜಾಂಬಿಕಾ ಎದ್ದು ಹೋಗುವುದೋ, ಕುಡಿಯುವುದೋ, ಎರಡರಲ್ಲಿ ಯಾವುದನ್ನು ತನ್ನ ಮನಸ್ಸು ಬಯಸುತ್ತಿದೆ ಎಂದು ಅವಳು ಕೆದಕಲು ಹೋಗಲಿಲ್ಲ. ಬೀಗ ಜಗ್ಗಿ ನೋಡಿ ಬೀದಿಗಿಳಿದಳು. ತರಕಾರಿ ಅಂಗಡಿಯ ಹತ್ತಿರ ಗಿರಿಜಾಂಬಿಕಾ ಸಿಕ್ಕಿ, "ಮರೀಬ್ಯಾಡ ಕಣೇ" ಎಂದು ಕೂಗಿದಾಗ, ಮರೆಯುವುದಿಲ್ಲ ಎನ್ನುವಂತೆ ತಲೆಯಾಡಿಸಿದಳು.