ಕಾಲರ್ಡ್ ಸೊಪ್ಪಿನ ಮರಳು

ನಾಲ್ಕನೇ ನೀರನ್ನೂ ಚೆಲ್ಲಿ ಮೋಜೆಲ್ ತೊಟ್ಟಿಯ ತಳವನ್ನು ಅಂಗೈಯಲ್ಲಿ ಸವರಿ ನೋಡಿದಳು. ಏನೂ ತಗಲಲಿಲ್ಲ. ಆದರೂ ಮತ್ತೆ ನಲ್ಲಿ ತಿರುಗಿಸಿದಳು.

"ಸಿಸ್ಟರ್ ಮೋಜೆಲ್, ಸೊಪ್ಪು ತೊಳೀತಿದ್ದೀರೋ, ಅದಕ್ಕೆ ದೀಕ್ಷಾಸ್ನಾನ ಮಾಡಿಸ್ತಿದ್ದೀರೋ?" ಪಕ್ಕದಲ್ಲಿ ಸಿಹಿಗೆಣಸು ಹೆಚ್ಚುತ್ತಿದ್ದ ಆರ್ಡೆಲಿಯಾ ನಕ್ಕಳು. ಆ ಚರ್ಚಿನಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು ಸಿಸ್ಟರ್. "ಹನ್ನೊಂದಕ್ಕೆ ಪೆಟ್ಟಿಗೆ ಬರುತ್ತೆ. ಅಷ್ಟೊತ್ತಿಗೆ ಬೇಯ್ಬೇಕಲ್ವಾ?"

"ಬೇಯುತ್ತೆ ಬಿಡು."

ಶವಪೆಟ್ಟಿಗೆಯಲ್ಲಿ ಬರುವವಳು ವರ್ಡೆಲ್ ಟಿಬ್ಸ್. ಎಂಬತ್ತೊಂದು ವರ್ಷ. ಊರಿನ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು, ಭಾನುವಾರ ಹಾಡುವವರ ಎರಡನೇ ಸಾಲಿನಲ್ಲಿ ನಿಲ್ಲುತ್ತಿದ್ದವಳು. ಎಲಿಸ್ ಕ್ರೀಕ್ ಚರ್ಚಿನಲ್ಲಿ ಯಾರು ಸತ್ತರೂ, ಯಾರಿಗೆ ಮದುವೆಯಾದರೂ, ನೆಲಮಾಳಿಗೆಯ ಈ ಅಡುಗೆಮನೆಗೆ ಮೊದಲು ಇಳಿಯುತ್ತಿದ್ದವಳು ಅವಳೇ. "ಕೋಳಿ ಯಾರು ಬೇಕಾದ್ರೂ ಕರೀತಾರೆ ಕಣೇ," ಎನ್ನುತ್ತಿದ್ದಳು. "ತಟ್ಟೇಲಿ ಅದರ ಪಕ್ಕ ಏನಿದೆ ಅನ್ನೋದರಲ್ಲೇ ಗೊತ್ತಾಗೋದು, ಮನೇಲಿ ಯಾರಾದ್ರೂ ನಿನ್ನ ದಾರಿ ಕಾಯ್ತಿದ್ರಾ ಅಂತ." ಬೆಣ್ಣೆ ಹಾಕಿದ ಅವರೆ, ಹುರಿದ ಬೆಂಡೆಕಾಯಿ, ಅಲಸಂದೆ ಕಾಳು ಎಲ್ಲವೂ ಅವಳಿಗೆ ಬರುತ್ತಿತ್ತು. ಆದರೆ ಹೆಸರು ಬಂದಿದ್ದು ಸೊಪ್ಪಿನಿಂದ. ಹೊಗೆಯಲ್ಲಿ ಒಣಗಿಸಿದ ಹಂದಿಯ ಮೊಣಕಾಲು ಹಾಕಿ ಮೂರು ಗಂಟೆ ಬೇಯಿಸಿದ, ಎಲೆಕೋಸಿನ ಜಾತಿಯ ಕಾಲರ್ಡ್ ಸೊಪ್ಪು. ಅದು ಬೆಂದ ರಸದಲ್ಲಿ ಜೋಳದ ರೊಟ್ಟಿ ಅದ್ದಿಕೊಳ್ಳಲು ಜನ ಬಟ್ಟಲು ಹಿಡಿದು ಸಾಲು ನಿಲ್ಲುತ್ತಿದ್ದರು.

ಕೊನೆಯ ಮೂರು ವರ್ಷ ಅವಳು ಆ ಸೊಪ್ಪು ಮಾಡಿರಲಿಲ್ಲ. ಯಾಕೆಂದು ಊರಿಗೆಲ್ಲ ಗೊತ್ತಿತ್ತು. ನಿಜವಾಗಿ ಯಾಕೆಂದು ಮೋಜೆಲ್‌ಗೆ ಮಾತ್ರ ಗೊತ್ತಿತ್ತು.

*

ಅದು ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳ ಒಂದು ಭಾನುವಾರ. ಊರು ಬಿಟ್ಟು ಹೋದವರೆಲ್ಲ ವರ್ಷಕ್ಕೊಮ್ಮೆ ಚರ್ಚಿಗೆ ಮರಳಿ ಬರುವ ದಿನ. ಅಟ್ಲಾಂಟದಿಂದ ದೊಡ್ಡ ಬೋಧಕರೊಬ್ಬರು ಬಂದಿದ್ದರು. ಜನ ಎಣಿಸಿದ್ದಕ್ಕಿಂತ ಹೆಚ್ಚಿತ್ತು. ವರ್ಡೆಲ್ ಸೊಪ್ಪಿನ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು ಹಾಡಲು ಮೇಲೆ ಹೋಗಿದ್ದಳು.

ಅಡುಗೆಯ ಉಸ್ತುವಾರಿ ಮೋಜೆಲ್‌ದು. ಸೊಪ್ಪು ಸಾಲುವುದಿಲ್ಲವೆಂದು ಅವಳಿಗೆ ಕಂಡಿತು. ಚರ್ಚಿನ ಹಿರಿಯರಾದ ಡೀಕನ್ ಕ್ಲೀವನ್ ತಮ್ಮ ಹಿತ್ತಿಲಿನಿಂದ ಅಂದೇ ಬೆಳಿಗ್ಗೆ, ಮಳೆ ನಿಂತ ಮೇಲೆ ಕಿತ್ತು ತಂದ ಆರು ಕಟ್ಟು ಮೂಲೆಯಲ್ಲಿತ್ತು. ಮೇಲೆ ಹಾಡು ಶುರುವಾಗಿತ್ತು. ಹೊಸ ಟೋಪಿ ಹಾಕಿಕೊಂಡು ಬಂದಿದ್ದ ಮೋಜೆಲ್‌ಗೆ ಮುಂದಿನ ಬೆಂಚಿನಲ್ಲಿ ಕೂರುವ ಆಸೆ. ಎಲೆಗಳನ್ನು ಒಂದೇ ಸಲ ನೀರಿಗೆ ಅದ್ದಿ, ಹರಿದು, ಪಾತ್ರೆಗೆ ತುರುಕಿ, ಮುಚ್ಚಳ ಮುಚ್ಚಿ ಮೆಟ್ಟಿಲು ಹತ್ತಿದಳು.

ಊಟದ ಹೊತ್ತಿಗೆ ಬೋಧಕರ ಹಲ್ಲಿನಡಿ ಕಟಕ್ ಎಂದಿತು. ಅವರು ಮರ್ಯಾದೆಯಿಂದಲೇ ಕರವಸ್ತ್ರ ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ಇನ್ನೊಂದು ಮೇಜಿನಲ್ಲಿ ಯಾರೋ ಉಗಿದರು.

"ಸಿಸ್ಟರ್ ವರ್ಡೆಲ್, ಇದೇನು? ಹೊಲಾನೂ ಸೇರಿಸಿ ಬೇಯಿಸಿಬಿಟ್ರಾ?" ಡೀಕನ್ ಕ್ಲೀವನ್ ಗಟ್ಟಿಯಾಗಿ ಕೇಳಿದರು. ಹಾಲ್ ತುಂಬ ನಗು.

ವರ್ಡೆಲ್ ಒಂದು ಎಲೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದಾಗಿಸಿ ನೋಡಿದಳು. "ಮೂರು ನೀರಲ್ಲಿ ತೊಳೆದಿದ್ದೆನಲ್ಲ," ಎಂದಳು. ಅದನ್ನು ಯಾರಿಗೂ ಹೇಳಿದಂತಿರಲಿಲ್ಲ.

ಮೋಜೆಲ್ ಅವಳಿಂದ ಎರಡು ಮಾರು ದೂರದಲ್ಲಿ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಊಟ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಸಂಜೆ ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡಳು. ಮುಂದಿನ ತಿಂಗಳ ಸಭೆಯಲ್ಲಿ ಯಾರು ಏನು ತರಬೇಕೆಂಬ ಪಟ್ಟಿಯನ್ನು ಅವಳೇ ಬರೆದಳು. ವರ್ಡೆಲ್ ಹೆಸರಿನ ಮುಂದೆ ಬರೆದದ್ದು ಕಾಗದದ ತಟ್ಟೆ, ಐಸು. ಅಡುಗೆ ಬಾರದ ಸೊಸೆಯರಿಗೆ ಹೇಳುವ ಕೆಲಸ ಅದು. ವರ್ಡೆಲ್ ಪಟ್ಟಿ ಓದಿ, ಮಡಿಸಿ ಚೀಲದಲ್ಲಿಟ್ಟುಕೊಂಡಳು.

*

ಮಣ್ಣು ಮಾಡಿ ಬಂದವರು ನೆಲಮಾಳಿಗೆಯ ಹಾಲಿನಲ್ಲಿ ಕೂತಾಗ ಎರಡು ಗಂಟೆ. ವರ್ಡೆಲ್‌ಳ ಮಗಳು ರೊವೀನಾ ಮೋಜೆಲ್‌ಳ ಕೈ ಹಿಡಿದು ತನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡಳು.

"ಸೊಪ್ಪು ಥೇಟ್ ಅಮ್ಮನ ಕೈರುಚಿ, ಆಂಟಿ."

ಮೋಜೆಲ್ ತನ್ನ ತಟ್ಟೆಯ ಸೊಪ್ಪನ್ನು ಚಮಚದಿಂದ ಬದಿಗೆ ಸರಿಸಿದಳು.

"ಒಂದೇ ಕಮ್ಮಿ," ಎದುರಿನ ಸಾಲಿನಿಂದ ಡೀಕನ್ ಕ್ಲೀವನ್ ದನಿ ತೆಗೆದರು. ಮುದುಕರಿಗೆ ಈಗ ಎಂಬತ್ತೈದು, ದನಿ ಮಾತ್ರ ಕುಗ್ಗಿರಲಿಲ್ಲ. "ಮರಳು ಹಾಕೋದು ಮರ್ತಿದ್ದೀರ! ಪಾಪ ವರ್ಡೆಲ್. ಸ್ವರ್ಗದಲ್ಲಿ ಅವಳ ಕೈಗೆ ಸೊಪ್ಪು ಕೊಡೋಕೆ ಮುಂಚೆ ದೇವರು ಒಂದು ಕನ್ನಡಕ ಕೊಡ್ಲಪ್ಪಾ!"

ಎಲ್ಲರೂ ಪ್ರೀತಿಯಿಂದಲೇ ನಕ್ಕರು. ರೊವೀನಾ ಕೂಡ ನಕ್ಕಳು. ನಕ್ಕು ಕಣ್ಣೊರೆಸಿಕೊಂಡು ಮೋಜೆಲ್ ಕಡೆ ಬಾಗಿದಳು.

"ಆ ವಾರವೇ ಅಮ್ಮ ಕಾರಿನ ಕೀಲಿ ತಂದು ನನ್ನ ಮುಂದೆ ಇಟ್ಲು, ಗೊತ್ತಾ? 'ಎಲೆ ಮೇಲಿನ ಮರಳು ಕಾಣದವಳಿಗೆ ರಸ್ತೆ ಮೇಲಿನ ಮಗು ಕಾಣುತ್ತೇನೇ?' ಅಂದ್ಲು. ಆಮೇಲೆ ಒಲೇನೂ ಬಿಟ್ಲು. ಡಬ್ಬಿಯ ಅವರೆಕಾಳು ಬಿಸಿ ಮಾಡ್ಕೊಂಡು ತಿಂತಿದ್ಲು. ಡಾಕ್ಟರು ಕಣ್ಣು ಅಷ್ಟೇನೂ ಕೆಟ್ಟಿಲ್ಲ ಅಂದ್ರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಪುಣ್ಯಕ್ಕೆ ನೀವಿದ್ರಿ."

ಹೌದು, ತಾನಿದ್ದೆ. ಮೂರು ವರ್ಷ ಪ್ರತಿ ಭಾನುವಾರ ಮೋಜೆಲ್ ತನ್ನ ಕಾರಿನಲ್ಲೇ ಅವಳನ್ನು ಚರ್ಚಿಗೆ ಕರೆತಂದಿದ್ದಳು. ಪ್ರತಿ ಭಾನುವಾರ ವರ್ಡೆಲ್ ಇಳಿಯುವಾಗ, "ನಿನ್ನ ಋಣ ಹೇಗೆ ತೀರಿಸ್ಲೇ ತಂಗಿ?" ಎನ್ನುತ್ತಿದ್ದಳು. ಒಂದು ಸಲವಾದರೂ ಹೇಳಬಹುದಿತ್ತು. ನೂರೈವತ್ತು ಭಾನುವಾರಗಳಿದ್ದವು.

ಮೋಜೆಲ್ ಎದ್ದು ನಿಂತಳು. ಪ್ರಾರ್ಥನೆ ಮಾಡುತ್ತಾಳೇನೋ ಎಂದು ಜನ ಚಮಚ ಕೆಳಗಿಟ್ಟರು.

"ಆ ಮರಳು ವರ್ಡೆಲ್‌ದಲ್ಲ," ಎಂದಳು. "ನಂದು. ಸೊಪ್ಪು ಸಾಲಲ್ಲ ಅಂತ ಅವಳಿಲ್ಲದಾಗ ಆರು ಕಟ್ಟು ಸೇರಿಸಿದೆ. ಸರಿಯಾಗಿ ತೊಳೀಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ."

ಡೀಕನ್ ಕ್ಲೀವನ್ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ತುದಿಯ ಮೇಜಿನಲ್ಲಿ ಒಬ್ಬ ಮುದುಕಿ, "ಈಗ ಹೇಳ್ತೀಯಾ, ಮೋಜೆಲ್? ಅವಳನ್ನ ಹೂತು ಬಂದ ಮೇಲೆ?" ಎಂದಳು.

"ನಾನು ಅಮ್ಮನ ಕೀಲಿ ವಾಪಸ್ ಕೊಡಲೇ ಇಲ್ಲ," ರೊವೀನಾ ಮೆಲ್ಲಗೆ ಹೇಳಿದಳು. "ಹೋದ ವರ್ಷ ಕೇಳಿದ್ಲು. ಒಂದೇ ಒಂದು ಸಲ ಚಿಕ್ಕಮ್ಮನ ಮನೆವರೆಗೆ ಓಡಿಸ್ಕೊಂಡು ಹೋಗಿ ಬರ್ತೀನಿ ಅಂದ್ಲು. ನಾನು ಗದರಿಸಿದೆ, ಆಂಟಿ. ಮಗೂನ ಗದರಿಸೋ ಹಾಗೆ ಗದರಿಸಿದೆ."

"ರೊವೀನಾ, ನನ್ನ—"

"ಬೇಡ."

ಮೋಜೆಲ್ ಕುರ್ಚಿಯ ಬೆನ್ನು ಹಿಡಿದು ಕೂರಲು ಬಾಗಿದಳು. ಅಷ್ಟರಲ್ಲಿ ರೊವೀನಾ ತನ್ನ ಕಾಲ ಬಳಿಯಿದ್ದ ಕಪ್ಪು ಕೈಚೀಲವನ್ನು ಎತ್ತಿ ಆ ಕುರ್ಚಿಯ ಮೇಲಿಟ್ಟಳು. ಚೀಲ ಒಂದು ಕಡೆಗೆ ವಾಲಿತು. ಅವಳು ಅದನ್ನು ನೆಟ್ಟಗೆ ನಿಲ್ಲಿಸಿ, ಹಿಡಿಯನ್ನು ಸರಿಮಾಡಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಳು.